ಪಾರ್ಶ್ವವಾಯುವಿನ ಚೇತರಿಕೆ ಮತ್ತು ಚೀನಾದ ಪ್ರಾಚೀನ ವೈದ್ಯ



ವೈದ್ಯಶಾಸ್ತ್ರದ ಯಾವುದಾದರೊಂದು ವಿಷಯವನ್ನು ವರ್ಷಕ್ಕೊಮ್ಮೆಯಾದರೂ ಜನಸಾಮಾನ್ಯರ ಮುಂದೆ ಅವರ ಭಾಷೆಯಲ್ಲಿಯೇ ಇಡಬೇಕೆಂಬುದು ಈ ಉಪನ್ಯಾಸದ ದತ್ತಿಯನ್ನು ಸ್ಥಾಪಿಸಿದ ಮಹನೀಯರ ಆಶಯವಾಗಿತ್ತು. ಪಾರ್ಶ್ವವಾಯು ಎರಗಿದ ಮೊದಲ ಗಂಟೆಗಳಲ್ಲಿ ಆಧುನಿಕ ವೈದ್ಯವು ಏನನ್ನು ಸಾಧಿಸಬಲ್ಲುದೆಂಬುದನ್ನು, ಅಂದರೆ ಮಿದುಳಿನ ನಾಳದಲ್ಲಿ ಸಿಲುಕಿದ ಹೆಪ್ಪನ್ನು ನಾಲ್ಕೂವರೆ ಗಂಟೆಗಳೊಳಗೆ ಔಷಧದಿಂದ ಕರಗಿಸುವ ಕ್ರಮವನ್ನೂ, ಆಯ್ದ ಕೆಲವು ರೋಗಿಗಳಲ್ಲಿ 24 ಗಂಟೆಗಳವರೆಗೂ ನಾಳದೊಳಗೆ ನಳಿಕೆಯನ್ನು ತೂರಿಸಿ ಆ ಹೆಪ್ಪನ್ನು ಹೊರಗೆಳೆಯುವ ಕ್ರಮವನ್ನೂ, ನೀವು ಪತ್ರಿಕೆಗಳಲ್ಲಿ ಓದಿಯೇ ಇರುತ್ತೀರಿ. ನಾನು ಇಂದು ಮಾತನಾಡಬೇಕೆಂದಿರುವುದು ಆ ಗಂಟೆಗಳು ಕಳೆದುಹೋದ ಮೇಲಿನ ಕಾಲವನ್ನು ಕುರಿತು. ಪ್ರಾಣ ಉಳಿಯಿತೆಂಬ ಸಮಾಧಾನದೊಡನೆ ರೋಗಿಯನ್ನು ಮನೆಗೆ ಕರೆತಂದ ತರುವಾಯ, ಎತ್ತಿದರೆ ಬೀಳುವ ಕೈ, ನೆಲವನ್ನು ಗೀರುತ್ತ ಸಾಗುವ ಕಾಲು, ಬಾಯಿಗೆ ಬಂದೂ ಹೊರಗೆ ಬಾರದ ಮಾತು, ಇವುಗಳೊಡನೆ ಒಂದು ಸಂಸಾರವೇ ತಿಂಗಳುಗಟ್ಟಲೆ ಹೋರಾಡಬೇಕಾಗುತ್ತದೆ. ಇಂತಹ ರೋಗಿಗಳ ಮಧ್ಯದಲ್ಲಿಯೇ ವೃತ್ತಿಜೀವನವನ್ನು ಕಳೆದ ನನ್ನನ್ನು ಅವರ ಮನೆಯವರು ಪದೇ ಪದೇ ಕೇಳಿದ್ದುಂಟು: ಡಾಕ್ಟರೇ, ಚೀನಾದವರ ಸೂಜಿಯಿಂದ ಕೈ ಬರುತ್ತದಂತೆ, ಹೌದೆ? ನಾನು ಚೀನೀ ವೈದ್ಯಪದ್ಧತಿಯಲ್ಲಿ ದೀಕ್ಷೆ ಪಡೆದವನಲ್ಲ. ಆದರೂ ಈ ಪ್ರಶ್ನೆಗೆ ತಲೆಯಾಡಿಸಿ ಸುಮ್ಮನಾಗುವುದಾಗಲಿ, ನಕ್ಕು ತಳ್ಳಿಹಾಕುವುದಾಗಲಿ ವೈದ್ಯಧರ್ಮವಲ್ಲವೆಂದು ತಿಳಿದು, ಓದಿ ವಿಚಾರಮಾಡಿದುದನ್ನು ತಮ್ಮ ಮುಂದೆ ನಿವೇದಿಸುತ್ತೇನೆ.

ಚೀನಾದ ಪ್ರಾಚೀನ ವೈದ್ಯರು ಈ ವ್ಯಾಧಿಯನ್ನು ‘ಝೊಂಗ್‌ಫೆಂಗ್’, ಎಂದರೆ ಗಾಳಿಯ ಬಡಿತ, ಎಂದು ಕರೆದರು. ನಮ್ಮ ಚರಕಸಂಹಿತೆಯ ಚಿಕಿತ್ಸಾಸ್ಥಾನವೂ ಪಕ್ಷವಧವನ್ನು ವಾತವ್ಯಾಧಿಗಳಲ್ಲಿಯೇ ಎಣಿಸುತ್ತದೆ; ಆದರೆ ನಮ್ಮ ಶಾಸ್ತ್ರದ ವಾತವು ದೇಹದೊಳಗಣ ದೋಷ, ಚೀನಾದ ಮೊದಲ ಆಚಾರ್ಯರ ಗಾಳಿಯಾದರೋ ಹೊರಗಿನಿಂದ ದುರ್ಬಲ ದೇಹದೊಳಕ್ಕೆ ನುಗ್ಗುವ ಶತ್ರು. ಹಾನ್ ರಾಜವಂಶದ ಅಂತ್ಯಕಾಲದಲ್ಲಿ, ಕ್ರಿಸ್ತಶಕ 200ರ ಆಸುಪಾಸಿನಲ್ಲಿ, ಬಾಳಿದ ಝಾಂಗ್ ಝೊಂಗ್‌ಜಿಂಗ್ ಎಂಬ ಮಹಾವೈದ್ಯನು ಈ ಗಾಳಿ ಎಷ್ಟು ಆಳಕ್ಕೆ ಇಳಿದಿದೆಯೆಂಬುದನ್ನು ನಾಲ್ಕು ಮೆಟ್ಟಿಲುಗಳಲ್ಲಿ ವಿಂಗಡಿಸಿದನು: ಕಿರುನಾಳಗಳಲ್ಲಿಯೇ ನಿಂತರೆ ಚರ್ಮವು ಜೋಮು ಹಿಡಿಯುತ್ತದೆ, ಹಿರಿಯ ನಾಳಗಳಿಗೆ ಹೊಕ್ಕರೆ ಅಂಗಗಳು ಎತ್ತಲಾಗದಷ್ಟು ಭಾರವಾಗುತ್ತವೆ, ಒಳಗಿನ ಕೋಶಗಳನ್ನು ತಲಪಿದರೆ ರೋಗಿಗೆ ಮನುಷ್ಯರ ಗುರುತು ಹತ್ತುವುದಿಲ್ಲ, ಅದಕ್ಕಿಂತಲೂ ಆಳದ ಅಂಗಗಳನ್ನು ಸೇರಿದರೆ ನಾಲಗೆ ತೊದಲಿ ಬಾಯಿಯಿಂದ ಜೊಲ್ಲು ಸುರಿಯುತ್ತದೆ. ಕಾರಣದ ವಿಚಾರದಲ್ಲಿ ಆತನು ಹೇಳಿದುದನ್ನು ನಾವಿಂದು ಒಪ್ಪಲಾರೆವು. ಆದರೂ ರೋಗದ ತೀವ್ರತೆಯನ್ನು ಅಳೆದ ಆ ಕ್ರಮವನ್ನು, ಇಂದಿನ ವೈದ್ಯನು ರೋಗಿಯ ಹಾಸಿಗೆಯ ಬಳಿ ನಿಂತು ಎಚ್ಚರ, ಮಾತು, ಬಲ, ಸ್ಪರ್ಶಜ್ಞಾನಗಳಿಗೆ ಅಂಕಗಳನ್ನು ಹಾಕುವ ಕ್ರಮದೊಡನೆ ಹೋಲಿಸಿನೋಡಿದರೆ, ಅದರ ಹಿಂದಿದ್ದ ಕಣ್ಣು ಎಷ್ಟು ಚುರುಕಾದದ್ದೆಂಬುದು ಗೊತ್ತಾಗುತ್ತದೆ.

ಮುಂದಿನ ಶತಮಾನಗಳಲ್ಲಿ ಹೊರಗಿನ ಗಾಳಿಯ ವಾದವು ಸಡಿಲವಾಗತೊಡಗಿತು. ಲಿಯು ವಾನ್‌ಸು ಎಂಬವನು ಒಳಗಿನ ಬೆಂಕಿಯೇ ಮೂಲವೆಂದನು. ಲಿ ಡಾಂಗ್‌ಯುವಾನನು ಪ್ರಾಣಶಕ್ತಿಯ ಕೊರತೆಯೆಂದನು. ಝು ಡಾನ್‌ಷಿಯು ಕಫದ ಮೇಲೆ ದೋಷವನ್ನು ಹೊರಿಸಿದನು. ಈ ವಾದವಿವಾದಗಳ ವಿಸ್ತಾರಕ್ಕೆ ನಾನು ಹೋಗುವುದಿಲ್ಲ. ನಮಗೆ ಮುಖ್ಯನಾದವನು ಅವರೆಲ್ಲರಿಗಿಂತ ಬಹಳ ಈಚಿನವನು. ಪುಸ್ತಕವನ್ನು ಮುಚ್ಚಿಟ್ಟು ಶವಗಳನ್ನು ನೋಡಲು ಹೊರಟವನು.

ಆತನ ಹೆಸರು ವಾಂಗ್ ಚಿಂಗ್‌ರೆನ್; 1768ರಲ್ಲಿ ಹುಟ್ಟಿ 1831ರಲ್ಲಿ ತೀರಿಕೊಂಡನು. 1797ರಲ್ಲಿ ಲುವಾನ್‌ಝೌ ಎಂಬ ಪ್ರದೇಶದಲ್ಲಿ ಮಕ್ಕಳಿಗೆ ಸಾಂಕ್ರಾಮಿಕ ವ್ಯಾಧಿ ತಗುಲಿ, ಹತ್ತರಲ್ಲಿ ಎಂಟು ಒಂಬತ್ತು ಮಕ್ಕಳು ಸಾಯುತ್ತಿದ್ದ ಕಾಲದಲ್ಲಿ, ಬಡವರು ಶವಗಳನ್ನು ಚಾಪೆಯಲ್ಲಿ ಸುತ್ತಿ ಆಳವಿಲ್ಲದ ಗುಂಡಿಗಳಲ್ಲಿ ಹೂಳುತ್ತಿದ್ದರು. ನಾಯಿಗಳು ಅವನ್ನು ಹೊರಗೆಳೆಯುತ್ತಿದ್ದುವು. ವಾಂಗನು ಮೊದಲು ಆ ದಾರಿಯಲ್ಲಿ ಹೋಗುವಾಗ ಮೂಗು ಮುಚ್ಚಿಕೊಂಡನು. ಆದರೆ ಅಂಗಗಳ ಸ್ಥಾನವನ್ನರಿಯದೆ ಚಿಕಿತ್ಸೆ ಮಾಡುವವನು ಕುರುಡನಂತೆ ನಡೆಯುತ್ತಾನೆಂಬ ವಿಚಾರವು ಮನಸ್ಸಿಗೆ ಬಂದಮೇಲೆ, ಪ್ರತಿದಿನ ಬೆಳಗ್ಗೆ ಆ ಸ್ಥಳಕ್ಕೆ ಹೋಗಿ, ಒಂದು ಶವದಲ್ಲಿ ಕಾಣದುದನ್ನು ಮತ್ತೊಂದರಲ್ಲಿ ಹುಡುಕಿ, ಹತ್ತು ದಿನಗಳಲ್ಲಿ ಮೂವತ್ತಕ್ಕೂ ಮಿಕ್ಕ ದೇಹಗಳ ಒಳರಚನೆಯನ್ನು ನೋಡಿಕೊಂಡನು. ವಪೆಯೊಂದು ಮಾತ್ರ ಹರಿದುಹೋಗಿ ಅವನಿಗೆ ಸರಿಯಾಗಿ ಕಾಣಲಿಲ್ಲ. ಅದರ ನಿಜಸ್ವರೂಪವನ್ನು, ಮರಣದಂಡನೆಗಳನ್ನು ಕಂಡಿದ್ದ ಅಧಿಕಾರಿಯೊಬ್ಬನಿಂದ ಕೇಳಿ ತಿಳಿಯುವವರೆಗೆ ಮೂರು ದಶಕಗಳೇ ಕಳೆದುವು. ಆಮೇಲೆಯೇ, 1830ರಲ್ಲಿ, ‘ಯಿಲಿನ್ ಗಾಯ್‌ಸುವೊ’ ಎಂಬ ಆತನ ಕೃತಿಯು ಪ್ರಕಟವಾಯಿತು. ವೈದ್ಯಗ್ರಂಥಗಳ ತಪ್ಪುಗಳನ್ನು ತಿದ್ದುವುದೇ ಅದರ ಸಂಕಲ್ಪವಾಗಿತ್ತು.

ಅರ್ಧಾಂಗದ ವಿಚಾರದಲ್ಲಿ ಆತನು ಮಂಡಿಸಿದ ತರ್ಕವು ನೇರವಾದುದು. ಹೊರಗಿನ ಗಾಳಿ ದೇಹವನ್ನು ಹೊಗುವುದಾದರೆ ಅದು ಚರ್ಮದಿಂದಲೇ ಹೊಗಬೇಕು. ಹೊಕ್ಕರೆ ಜ್ವರ, ನಡುಕ, ತಲೆನೋವುಗಳು ಕಾಣಬೇಕು. ಪಾರ್ಶ್ವವಾಯುವಿನಲ್ಲಿ ಇವು ಯಾವುವೂ ಕಾಣುವುದಿಲ್ಲ. ಆದುದರಿಂದ ಗಾಳಿಯ ಮಾತು ಸಲ್ಲದು. ಮತ್ತೇನು? ದೇಹದ ಪ್ರಾಣಶಕ್ತಿಯು, ಚೀನೀಯರು ‘ಚೀ’ ಎಂದು ಕರೆಯುವಂತಹುದು, ಹತ್ತು ಪಾಲಿದ್ದರೆ ಬಲಕ್ಕೆ ಐದು, ಎಡಕ್ಕೆ ಐದು ಪಾಲು ಇರುತ್ತದೆ. ಅದು ಕ್ಷಯಿಸುತ್ತ ಐದಕ್ಕೆ ಇಳಿದಾಗ, ಉಳಿದುದೆಲ್ಲ ಒಂದೇ ಮಗ್ಗುಲಿಗೆ ಸರಿದರೆ, ಇನ್ನೊಂದು ಮಗ್ಗುಲು ಬರಿದಾಗಿ ಚಲನೆಯನ್ನು ಕಳೆದುಕೊಳ್ಳುತ್ತದೆ. ಕಳೆದ ಆ ಐದನ್ನು ಮರಳಿ ತರುವ ಕಷಾಯಕ್ಕೆ ‘ಬೂ ಯಾಂಗ್ ಹುವಾನ್ ವು’ ಎಂದು ಹೆಸರಿಟ್ಟನು. ಮಿದುಳೇ ಸ್ಮೃತಿಯ ಹಾಗೂ ಬುದ್ಧಿಯ ಸ್ಥಾನವೆಂದು ತನ್ನ ಗ್ರಂಥದಲ್ಲಿ ಒತ್ತಿ ಹೇಳಿದವನೇ ಅರ್ಧಾಂಗದ ಕಾರಣವನ್ನು ಮಿದುಳಿನಲ್ಲಿ ಹುಡುಕಲಿಲ್ಲವೆಂಬುದು ನನ್ನನ್ನು ಇಂದಿಗೂ ಕಾಡುವ ಸಂಗತಿ. ಸತ್ತ ದೇಹದ ಧಮನಿಗಳು ಬರಿದಾಗಿದ್ದುದನ್ನು ಕಂಡು, ಅವುಗಳಲ್ಲಿ ಹರಿಯುವುದು ರಕ್ತವಲ್ಲ, ಚೀ ಎಂದೇ ಆತನು ನಂಬಿದನು.

ಆದರೆ ಆ ಕಷಾಯವನ್ನು ಹತ್ತಿರದಿಂದ ನೋಡೋಣ. ಅದರಲ್ಲಿ ಏಳು ದ್ರವ್ಯಗಳು: ಹುವಾಂಗ್‌ಚಿ ಎಂಬ ಬೇರು, ಡಾಂಗ್‌ಗುಯಿ ಬೇರಿನ ತುದಿ, ಕೆಂಪು ಪಿಯೋನಿ, ಚುವಾನ್‌ಷಿಯೊಂಗ್ ಎಂಬ ಗಡ್ಡೆ, ಪೀಚ್ ಹಣ್ಣಿನ ಬೀಜದ ತಿರುಳು, ಒಣಗಿಸಿದ ಎರೆಹುಳು, ಮತ್ತು ನಮ್ಮ ವಿಜಾಪುರ ಕಲಬುರಗಿಗಳ ಎರೆಭೂಮಿಯಲ್ಲಿ ಎಣ್ಣೆಗಾಗಿ ಬೆಳೆಯುವ ಅದೇ ಕುಸುಬೆಯ ಹೂವಿನ ಎಸಳು. ತೂಕದಲ್ಲಿ ಹುವಾಂಗ್‌ಚಿ ನಾಲ್ಕು ಲಿಯಾಂಗ್; ಇಂದಿನ ಪಠ್ಯಪುಸ್ತಕಗಳು ಅದನ್ನು 120 ಗ್ರಾಂ ಎಂದು ಲೆಕ್ಕ ಹಾಕುತ್ತವೆ. ಮಿಕ್ಕ ಆರೂ ಸೇರಿ ಒಂದು ಲಿಯಾಂಗ್ ಕೂಡ ಆಗುವುದಿಲ್ಲ. ಎಂದರೆ ರಕ್ತವನ್ನು ಚಲಿಸುವಂತೆ ಮಾಡುವ ಆರು ದ್ರವ್ಯಗಳ ಒಟ್ಟು ತೂಕಕ್ಕೆ ಐದು ಪಾಲಿಗಿಂತಲೂ ಮಿಗಿಲಾಗಿ ಬಲವನ್ನು ತುಂಬುವ ಒಂದೇ ದ್ರವ್ಯವನ್ನು ಹಾಕಿದನು. ಕಾಲುವೆಯ ಹೂಳನ್ನು ತೆಗೆದರೆ ಸಾಲದು, ಕೆರೆಯಲ್ಲಿ ನೀರೂ ಇರಬೇಕೆಂಬುದು ಆತನ ಆಲೋಚನೆ. ಇಷ್ಟು ದೊಡ್ಡ ಪ್ರಮಾಣವನ್ನು ಕೇಳಿ ಹೆದರುವ ರೋಗಿಗಳಿರುತ್ತಾರೆಂದು ಅವನಿಗೆ ಗೊತ್ತಿತ್ತು. ಅಂತಹವರ ಮನಸ್ಸಿಗೆ ಒಪ್ಪುವಂತೆ ಒಂದೆರಡು ಲಿಯಾಂಗ್‌ನಿಂದ ಮೊದಲುಮಾಡಿ ಕ್ರಮೇಣ ನಾಲ್ಕಕ್ಕೆ ಏರಿಸಬೇಕೆಂದೂ, ಗುಣ ಕಂಡಮೇಲೂ ಥಟ್ಟನೆ ನಿಲ್ಲಿಸಬಾರದೆಂದೂ ಬರೆದಿಟ್ಟನು. ಇದಕ್ಕಿಂತಲೂ ಬೆಲೆಯುಳ್ಳದ್ದು, ರೋಗ ಬರುವುದಕ್ಕೆ ಮುಂಚಿನ ಲಕ್ಷಣಗಳ ಪಟ್ಟಿ: ಆಗಾಗ್ಗೆ ತಲೆಸುತ್ತು, ಕಿವಿಯಲ್ಲಿ ಗಾಳಿಯ ಸದ್ದು, ರೆಪ್ಪೆಯ ಅದಿರು, ಕೈಬೆರಳಿನ ನಡುಕ, ಇದ್ದಕ್ಕಿದ್ದಂತೆ ಮಾತು ತಡವರಿಸುವುದು. ಇವು ನೋಯುವುದಿಲ್ಲ, ಊಟ ನಿದ್ರೆಗಳನ್ನು ಕೆಡಿಸುವುದಿಲ್ಲ, ಆದುದರಿಂದಲೇ ಜನರು ಅಲಕ್ಷಿಸುತ್ತಾರೆಂದು ಆತನು ಮರುಗಿದನು. ಕ್ಷಣಕಾಲ ಕೈ ಸೋತು ಮತ್ತೆ ಸರಿಹೋದುದನ್ನು ‘ಆಯಾಸ’ವೆಂದು ಕಡೆಗಣಿಸಿ, ವಾರದೊಳಗೆ ನೆಲಹಿಡಿದವರನ್ನು ಕಂಡ ನಮಗೆ ಆ ಮರುಕದ ಸತ್ಯವು ಚೆನ್ನಾಗಿ ಗೊತ್ತಿದೆ.

ಈ ಕಷಾಯವು ಇಂದಿಗೂ ಚೀನಾದಲ್ಲಿ ಬಳಕೆಯಲ್ಲಿದೆ. ಆದರೆ ಅದರ ಮಿತಿಯನ್ನು ಮೊದಲು ತೋರಿಸಿಕೊಟ್ಟವನೂ ಚೀನೀ ವೈದ್ಯನೇ. ಮಿದುಳಿಗೆ ರಕ್ತವು ಮಿತಿಮೀರಿ ನುಗ್ಗಿದವರು ಬೇರೆ, ರಕ್ತ ಸಾಲದೆ ಹೋದವರು ಬೇರೆ, ಮೊದಲಿನವರಿಗೆ ಹುವಾಂಗ್‌ಚಿಯನ್ನು ಕೊಡುವುದು ಅಪಾಯಕರ ಎಂದು 1933ರಲ್ಲಿ ತೀರಿಕೊಂಡ ಝಾಂಗ್ ಷಿಚುನ್ ಎಚ್ಚರಿಸಿದನು. ನಾಳ ಕಟ್ಟಿದುದೋ ಒಡೆದುದೋ ಎಂಬುದನ್ನು ಇಂದು ಸಿ.ಟಿ. ಯಂತ್ರವು ನಿಮಿಷಗಳಲ್ಲಿ ತೋರಿಸುತ್ತದೆ. ಆತನು ಅದನ್ನು ನಾಡಿಯಿಂದ ಊಹಿಸಬೇಕಾಗಿತ್ತು.

ಇನ್ನು ಸೂಜಿಯ ಮಾತು. ಸೋತ ಅಂಗದ ಚಿಕಿತ್ಸೆಗೆ ಕೈಕಾಲುಗಳ ಹೊರಮಗ್ಗುಲಿನ ಬಿಂದುಗಳನ್ನು ಚುಚ್ಚುವುದು ಹಳೆಯ ಪರಿಪಾಠಿ. 1972ರಲ್ಲಿ ತಿಯಾನ್‌ಜಿನ್ ನಗರದ ಷಿ ಷುಯೆಮಿನ್ ಎಂಬ ವೈದ್ಯರು ಇದನ್ನು ತಿರುಗಿಸಿ, ಕೆಟ್ಟಿರುವುದು ಕೈಯಲ್ಲ, ಮಿದುಳು; ಮೊದಲು ಅದನ್ನು ಎಚ್ಚರಿಸಬೇಕು ಎಂಬ ತತ್ತ್ವದ ಮೇಲೆ ಹೊಸ ವಿಧಾನವನ್ನು ರೂಪಿಸಿದರು. ಅದರ ಕ್ರಮ ಹೀಗೆ. ಎರಡು ಮುಂಗೈಗಳ ಒಳಭಾಗದಲ್ಲಿ ಮಣಿಕಟ್ಟಿನ ಮೇಲಿನ ಬಿಂದುವಿಗೆ ಮೊದಲು ಸೂಜಿ. ಅನಂತರ ಮೂಗಿನ ಕೆಳಗೆ, ಮೇಲ್ದುಟಿಯ ನಡುವಣ ತಗ್ಗಿನಲ್ಲಿ, ಸೂಜಿಯನ್ನು ಓರೆಯಾಗಿ ಮೇಲ್ಮುಖವಾಗಿ ತೂರಿಸಿ, ಹಕ್ಕಿ ಕಾಳನ್ನು ಕುಕ್ಕುವ ರೀತಿಯಲ್ಲಿ, ರೋಗಿಯ ಕಣ್ಣಿನಲ್ಲಿ ನೀರೂರುವವರೆಗೆ, ಮೇಲಕ್ಕೂ ಕೆಳಕ್ಕೂ ಆಡಿಸುತ್ತಾರೆ. ಆಮೇಲೆ ಸೋತ ಕಾಲಿನ ಒಳಗಣಕಾಲಿನ ಮೇಲ್ಗಡೆ, ಮೊಳಕಾಲೆಲುಬಿನ ಅಂಚನ್ನು ಹಿಡಿದು ಸೂಜಿಯನ್ನಿಳಿಸಿ, ಕಾಲು ಮೂರು ಸಲ ತಾನಾಗಿ ಅದಿರುವವರೆಗೆ ಕೈಬಿಡುವುದಿಲ್ಲ. ಚುಚ್ಚಿದುದು ಸಾಕೆಂಬುದನ್ನು ವೈದ್ಯನ ಊಹೆಗೆ ಬಿಡದೆ ಕಣ್ಣೀರು, ಕಾಲಿನ ಅದಿರು ಎಂಬ ಎಲ್ಲರೂ ನೋಡಬಹುದಾದ ಗುರುತುಗಳಿಗೆ ಕಟ್ಟಿಹಾಕಿದುದರಲ್ಲಿಯೇ ಈ ವಿಧಾನದ ಹಿರಿಮೆಯಿದೆಯೆಂದು ನನ್ನ ಭಾವನೆ. ಏಕೆಂದರೆ ನೋಡಬಹುದಾದುದನ್ನು ಮಾತ್ರವೇ ಮತ್ತೊಬ್ಬನು ಪರೀಕ್ಷಿಸಬಲ್ಲನು. ಇದೇ ಕಾಲದಲ್ಲಿ ಷಾನ್‌ಷಿ ಪ್ರಾಂತದ ಜಿಯಾವೊ ಷುನ್‌ಫಾ ಎಂಬವರು, ಪಾಶ್ಚಾತ್ಯ ಶಾರೀರಶಾಸ್ತ್ರವು ಗುರುತಿಸಿದ ಮಿದುಳಿನ ಚಲನಕ್ಷೇತ್ರದ ಮೇಲ್ಗಡೆ ನೆತ್ತಿಯ ಚರ್ಮದಲ್ಲಿ ಒಂದು ರೇಖೆಯನ್ನೆಳೆದು, ಅದರ ಮೇಲಿನ ಐದನೆಯ ಒಂದು ಪಾಲನ್ನು ಕಾಲಿಗೂ, ನಡುವಿನ ಎರಡು ಪಾಲನ್ನು ಕೈಗೂ, ಕೆಳಗಿನ ಎರಡು ಪಾಲನ್ನು ಮುಖಕ್ಕೂ ಹಂಚಿಕೊಟ್ಟರು. ಸೂಜಿಯು ತಲೆಬುರುಡೆಯನ್ನು ದಾಟುವುದಿಲ್ಲ. ಚರ್ಮಕ್ಕೂ ಅದರ ಕೆಳಗಿನ ಮಿದುಳಿಗೂ ಆ ರೀತಿಯ ನೇರ ಸಂಬಂಧವಿದೆಯೆಂದು ನಂಬಲು ನನಗೆ ಆಧಾರ ದೊರೆತಿಲ್ಲ. ಆದರೂ ಎರಡು ಶಾಸ್ತ್ರಗಳನ್ನು ಒಂದೇ ನೆತ್ತಿಯ ಮೇಲೆ ಕೂಡಿಸಲು ಹೊರಟ ಆ ಧೈರ್ಯವನ್ನು ಗೌರವಿಸುತ್ತೇನೆ.

ಹಾಗಾದರೆ ಗುಣವಾಗುತ್ತದೆಯೆ? ಇಲ್ಲಿ ಕಥೆಗಳನ್ನು ನಂಬಬಾರದು. ಪಾರ್ಶ್ವವಾಯುವಿನ ತರುವಾಯ ಮೊದಲ ಕೆಲವು ತಿಂಗಳುಗಳಲ್ಲಿ ಬಹುಮಂದಿ ರೋಗಿಗಳು ಯಾವ ವಿಶೇಷ ಚಿಕಿತ್ಸೆಯೂ ಇಲ್ಲದೆ ಸ್ವಲ್ಪಮಟ್ಟಿಗೆ ಚೇತರಿಸಿಕೊಳ್ಳುತ್ತಾರೆ. ಸತ್ತ ಭಾಗದ ಸುತ್ತಲಿನ ಮಿದುಳು ಹೊಸ ದಾರಿಗಳನ್ನು ಕಟ್ಟಿಕೊಳ್ಳುತ್ತದೆ. ಆ ಕಾಲದಲ್ಲಿ ಯಾರು ಸೂಜಿ ಹಾಕಿದರೂ, ಯಾರು ತೈಲ ತಿಕ್ಕಿದರೂ, ಕೀರ್ತಿ ಅವರದೇ ಆಗುತ್ತದೆ. ಆದುದರಿಂದ, ಒಂದೇ ಬಗೆಯ ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಒಂದಕ್ಕೆ ಔಷಧವನ್ನೂ ಇನ್ನೊಂದಕ್ಕೆ ಅದರಂತೆಯೇ ತೋರುವ ನಿಸ್ಸಾರ ಗುಳಿಗೆಯನ್ನೂ ಕೊಟ್ಟು, ಯಾರಿಗೆ ಯಾವುದು ಸಂದಿತೆಂಬುದು ರೋಗಿಗೂ ವೈದ್ಯನಿಗೂ ತಿಳಿಯದಂತೆ ನಡೆಸಿದ ಪರೀಕ್ಷೆಗಳೇ ನಮಗೆ ದಾರಿ ತೋರಬೇಕು. ಇಂತಹ ಮೂರನ್ನು ಹೇಳುತ್ತೇನೆ.

2013ರಲ್ಲಿ ಪ್ರಕಟವಾದ ಒಂದು ಪರೀಕ್ಷೆಯಲ್ಲಿ, ‘ನ್ಯೂರೋಏಡ್’ ಎಂಬ ಹೆಸರಿನಲ್ಲಿ ಮಾರಾಟವಾಗುವ ಚೀನೀ ಮಿಶ್ರಣವನ್ನು ಸುಮಾರು 1100 ಮಂದಿಗೆ, ರೋಗ ಬಡಿದ 72 ಗಂಟೆಗಳೊಳಗೆ ಆರಂಭಿಸಿ, ಪರೀಕ್ಷಿಸಿದರು. ಮೂರು ತಿಂಗಳ ಕೊನೆಯಲ್ಲಿ ಔಷಧ ಪಡೆದವರಿಗೂ ಪಡೆಯದವರಿಗೂ ಗಣನೀಯ ವ್ಯತ್ಯಾಸ ಕಾಣಲಿಲ್ಲ. 2024ರಲ್ಲಿ ಚೀನಾದ 26 ಆಸ್ಪತ್ರೆಗಳಲ್ಲಿ ಮಿದುಳಿನಲ್ಲಿ ರಕ್ತಸ್ರಾವವಾದ 1648 ಮಂದಿಯ ಮೇಲೆ, 48 ಗಂಟೆಗಳೊಳಗೆ ಆರಂಭಿಸಿದ ‘ಝೊಂಗ್‌ಫೆಂಗ್ ಷಿಂಗ್‌ನಾವೊ’ ಕಷಾಯದ ಪರೀಕ್ಷೆಯ ಫಲವು ಪ್ರಕಟವಾಯಿತು. ತೊಂಬತ್ತು ದಿನಗಳ ಮೇಲೆ ಬದುಕುಳಿಯುವುದರಲ್ಲಾಗಲಿ, ಕೈಕಾಲಿನ ಕೆಲಸದಲ್ಲಾಗಲಿ ಅದರಿಂದ ಪ್ರಯೋಜನವಾಗಲಿಲ್ಲ. ಇವೆರಡರ ನಡುವೆ, 2021ರಲ್ಲಿ, ಯುನ್ನಾನ್ ಪ್ರಾಂತದಲ್ಲಿ ಬೆಳೆಯುವ ‘ಸಾನ್‌ಚಿ’ ಬೇರಿನ ಸಾರದ ಗುಳಿಗೆಯನ್ನು 67 ಕೇಂದ್ರಗಳ 3072 ರೋಗಿಗಳಲ್ಲಿ ಪರೀಕ್ಷಿಸಿದ ವರದಿ ಬಂದಿತು. ಮೂರು ತಿಂಗಳ ಕೊನೆಯಲ್ಲಿ ತಮ್ಮ ಕೆಲಸವನ್ನು ತಾವೇ ಮಾಡಿಕೊಳ್ಳಬಲ್ಲವರಾದವರು ಗುಳಿಗೆ ಪಡೆದವರಲ್ಲಿ ನೂರಕ್ಕೆ 89.3, ನಿಸ್ಸಾರ ಗುಳಿಗೆ ಪಡೆದವರಲ್ಲಿ 82.4. ಈ ಪರೀಕ್ಷೆಯಲ್ಲಿ ಚಿಕಿತ್ಸೆ ಆರಂಭವಾದುದು ಮೊದಲ ಗಂಟೆಗಳಲ್ಲಲ್ಲ. ರೋಗ ಬಡಿದು 14ನೆಯ ದಿನದಿಂದ 180ನೆಯ ದಿನದೊಳಗೆ.

ಈ ಮೂರನ್ನು ಒಟ್ಟಿಗಿಟ್ಟು ನೋಡಿದಾಗ ನನಗೆ ತೋರುವುದು ಇಷ್ಟು: ತುರ್ತಿನ ಗಳಿಗೆಯಲ್ಲಿ ಈ ವೈದ್ಯವು ಕೈಹಿಡಿಯುವುದಿಲ್ಲ, ಅದರ ಕ್ಷೇತ್ರವೇನಾದರೂ ಇದ್ದರೆ ಅದು ಆಮೇಲಿನ ದೀರ್ಘಕಾಲ. ಒಂದು ಪರೀಕ್ಷೆಯಿಂದ ಸಿದ್ಧಾಂತವಾಗುವುದಿಲ್ಲ. ಸಾನ್‌ಚಿಯ ಪರೀಕ್ಷೆಯನ್ನು ಬೇರೆ ದೇಶದವರೂ ಮಾಡಿನೋಡಬೇಕು. ಸೂಜಿಯ ವಿಚಾರದಲ್ಲಂತೂ ತೊಡಕು ಹೆಚ್ಚು, ಏಕೆಂದರೆ ಚುಚ್ಚಿಸಿಕೊಂಡವನಿಗೆ ಚುಚ್ಚಿದುದು ಗೊತ್ತಾಗದಿರುವುದಿಲ್ಲ. 31 ಪರೀಕ್ಷೆಗಳ 2257 ರೋಗಿಗಳ ವಿವರಗಳನ್ನು ಒಟ್ಟುಗೂಡಿಸಿದ ಕೊಕ್ರೇನ್ ಸಂಸ್ಥೆಯ 2016ರ ವಿಮರ್ಶೆಯು, ಪರಾವಲಂಬನೆಯನ್ನು ಕಡಮೆಮಾಡುವುದರಲ್ಲಿಯೂ ಕೆಲವು ನರದೌರ್ಬಲ್ಯಗಳಲ್ಲಿಯೂ ಸೂಜಿಯಿಂದ ಗುಣವಿರಬಹುದೆಂದು ಹೇಳಿ, ಕೂಡಲೇ, ಪರೀಕ್ಷೆಗಳಲ್ಲಿ ಬಹುಪಾಲು ಚಿಕ್ಕವು, ಗುಣಮಟ್ಟದಲ್ಲಿ ಕಡಮೆಯವು ಎಂದು ಸೇರಿಸಿತು. ಮನೆಯವರ ಪ್ರಶ್ನೆಗೆ ನನ್ನ ಉತ್ತರವೂ ಅದೇ: ವ್ಯಾಯಾಮ ಚಿಕಿತ್ಸೆಯನ್ನು ಬಿಡದೆ, ತರಬೇತಿ ಪಡೆದವರಿಂದ, ಹೊಸ ಸೂಜಿಗಳಿಂದ ಹಾಕಿಸಿಕೊಳ್ಳುವುದಾದರೆ ನಾನು ತಡೆಯುವುದಿಲ್ಲ, ಅದಕ್ಕಾಗಿ ವ್ಯಾಯಾಮವನ್ನು ಬಿಡುವುದಾದರೆ ತಡೆಯುತ್ತೇನೆ.

ಅಪಾಯದ ಮಾತನ್ನು ಮರೆಮಾಚುವಂತಿಲ್ಲ. ಚೀನಾದ ಎಷ್ಟೋ ಮನೆಗಳಲ್ಲಿ ಮೇಣದ ಚಿಪ್ಪಿನೊಳಗೆ ಬಂಗಾರದ ರೇಕು ಸುತ್ತಿದ ಮೂರು ಗ್ರಾಂ ತೂಕದ ಒಂದು ಕೆಂಗಂದು ಉಂಡೆಯನ್ನು ಆಪತ್ಕಾಲಕ್ಕೆಂದು ಜೋಪಾನವಾಗಿ ಇಟ್ಟಿರುತ್ತಾರೆ. ‘ಆನ್‌ಗೊಂಗ್ ನ್ಯೂಹುವಾಂಗ್’ ಎಂಬ ಈ ಗುಳಿಗೆಯನ್ನು ವು ಜೂತೊಂಗ್ ಎಂಬ ವೈದ್ಯನು 1798ರಲ್ಲಿ ಮುಗಿಸಿದ ಗ್ರಂಥದಲ್ಲಿ ವಿವರಿಸಿರುವುದು ತೀವ್ರಜ್ವರದ ಸನ್ನಿಗಾಗಿ. ಅದರಲ್ಲಿ ಗೋರೋಚನ, ಕಸ್ತೂರಿಗಳ ಜೊತೆಗೆ ಪಾದರಸದ ಇಂಗುಲೀಕವೂ ಶಂಖಪಾಷಾಣದ ಮನಶ್ಶಿಲೆಯೂ ಇವೆ. ಪ್ರಜ್ಞೆ ತಪ್ಪಿ ನುಂಗಲಾರದವನ ಬಾಯಿಗೆ ಇದನ್ನು ಕರಗಿಸಿ ಹೊಯ್ಯುವುದರಿಂದ ಅದು ಶ್ವಾಸಕೋಶವನ್ನು ಸೇರುವುದುಂಟು. ಹೊಲಿಗೆಯ ಸೂಜಿಯಿಂದ ಹತ್ತು ಬೆರಳುಗಳ ತುದಿಯನ್ನೂ ಚುಚ್ಚಿ ರಕ್ತ ಹಿಂಡುವ ರೂಢಿಯೂ ಇದೆ. ಇವೆರಡರಿಂದಲೂ ಆಗುವ ಮುಖ್ಯ ಹಾನಿಯೆಂದರೆ, ಆ ನಾಲ್ಕೂವರೆ ಗಂಟೆಗಳು ಮನೆಯಲ್ಲಿಯೇ ಕರಗಿಹೋಗುವುದು. ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್‌ಫರಿನ್ ಸೇವಿಸುವ ರೋಗಿಗಳು ಡಾಂಗ್‌ಗುಯಿ, ಡಾನ್‌ಷೆನ್ ಮುಂತಾದ ಬೇರುಗಳನ್ನು ವೈದ್ಯರಿಗೆ ತಿಳಿಸದೆ ಸೇವಿಸಿದರೆ ರಕ್ತಸ್ರಾವದ ಭಯವಿದೆ.

ಚೀನಾದ ಪುನಶ್ಚೇತನ ವೈದ್ಯದಲ್ಲಿ ನನ್ನನ್ನು ಅತ್ಯಂತ ಸೆಳೆದಿರುವುದು ಕಷಾಯವೂ ಅಲ್ಲ, ಸೂಜಿಯೂ ಅಲ್ಲ. ಪ್ರತಿದಿನ ರೋಗಿಯನ್ನು ಮುಟ್ಟುವ ಅಭ್ಯಾಸ. 1988ರಲ್ಲಿ ಬೀಜಿಂಗ್‌ನಲ್ಲಿ ರಾಷ್ಟ್ರೀಯ ಪುನಶ್ಚೇತನ ಕೇಂದ್ರವು ತೆರೆದ ಕಾಲದಿಂದ ಪಾಶ್ಚಾತ್ಯ ಮಾದರಿಯ ವ್ಯಾಯಾಮ ಚಿಕಿತ್ಸೆಯು ಅಲ್ಲಿ ಬೇರೂರಿತು. ಹಳೆಯ ‘ತುಯಿನಾ’ ಮರ್ದನವೂ ಸೂಜಿಯೂ ಅದರ ಮಗ್ಗುಲಲ್ಲಿಯೇ ಉಳಿದುವು. ಮೆಲ್ಲನೆಯ ಹೆಜ್ಜೆ, ಭಾರವನ್ನು ಒಂದು ಕಾಲಿನಿಂದ ಇನ್ನೊಂದಕ್ಕೆ ವರ್ಗಾಯಿಸುವ ಗಮನ, ಇವೇ ಪ್ರಧಾನವಾದ ‘ತಾಯ್‌ಚಿ’ಯನ್ನು ಅಮೆರಿಕದಲ್ಲಿ ಪಾರ್ಶ್ವವಾಯುವಿನಿಂದ ಉಳಿದ 145 ಮಂದಿಯ ಮೇಲೆ ಪರೀಕ್ಷಿಸಿ 2014ರಲ್ಲಿ ವರದಿ ಮಾಡಿದರು: ಹನ್ನೆರಡು ವಾರಗಳಲ್ಲಿ ತಾಯ್‌ಚಿ ಅಭ್ಯಾಸಿಗಳು ಬಿದ್ದುದು 5 ಸಲ, ಸಾಮಾನ್ಯ ಆರೈಕೆಯವರು 15 ಸಲ. ಒಂದು ಸಲ ಬಿದ್ದು ಸೊಂಟದ ಎಲುಬು ಮುರಿದುಕೊಂಡ ರೋಗಿಯ ಮುಂದಿನ ಗತಿಯನ್ನು ಬಲ್ಲವರಿಗೆ ಈ ಹತ್ತು ಬೀಳುವಿಕೆಗಳ ಅಂತರವು ಸಣ್ಣದೆಂದು ತೋರದು.

ನಮಗೂ ಚೀನಾಕ್ಕೂ ವೈದ್ಯದ ನಂಟು ಹೊಸದಲ್ಲ. ಚೀನಾ-ಜಪಾನ್ ಯುದ್ಧದ ಕಾಲದಲ್ಲಿ, 1938ರಲ್ಲಿ, ಸೊಲ್ಲಾಪುರದ ದ್ವಾರಕಾನಾಥ ಕೊಟ್ನೀಸರೂ ಸೇರಿ ಅಲ್ಲಿಗೆ ಹೋದ ಐವರು ಭಾರತೀಯ ವೈದ್ಯರಲ್ಲಿ ಒಬ್ಬರಾದ ಬಿಜಯಕುಮಾರ ಬಸು ಅವರೇ ಮುಂದೆ ಸೂಜಿಚಿಕಿತ್ಸೆಯನ್ನು ಅಲ್ಲಿ ಕಲಿತು ಕಲ್ಕತ್ತೆಗೆ ತಂದರು. ಆದರೆ ಅಲ್ಲಿಂದ ನಾವು ತರಬೇಕಾದುದು ಸೂಜಿಗಿಂತಲೂ ಮಿಗಿಲಾಗಿ 67 ಕೇಂದ್ರಗಳನ್ನು ಒಂದುಗೂಡಿಸಿ ತನ್ನದೇ ಪರಂಪರೆಯ ಔಷಧವನ್ನು ತಕ್ಕಡಿಗೆ ಹಾಕಿದ ಆ ವ್ಯವಸ್ಥೆಯನ್ನು. ಬೇರೊಂದು ಪರೀಕ್ಷೆಯಲ್ಲಿ ಫಲ ಬಾರದಾಗ ‘ಬರಲಿಲ್ಲ’ ಎಂದು ಮುದ್ರಿಸಿದ ಆ ನಿಷ್ಠೆಯನ್ನು. ನಮ್ಮ ನಾಡಿನ ಆಯುರ್ವೇದ ಆಸ್ಪತ್ರೆಗಳಲ್ಲಿ ಇಂದು ಬೆಳಗ್ಗೆಯೂ ಅನೇಕ ಪಾರ್ಶ್ವವಾಯು ರೋಗಿಗಳಿಗೆ ಅಭ್ಯಂಗ, ಸ್ವೇದನ, ಬಸ್ತಿಗಳು ನಡೆದಿವೆ. ಭಾರತದಲ್ಲಿಯೂ ಅವುಗಳ ಪರೀಕ್ಷೆ ಆರಂಭವಾಗಿದೆ. ಕನ್ನಡ ನಾಡಿನ ಆಯುರ್ವೇದ ಕಾಲೇಜುಗಳೂ ನರರೋಗ ವಿಭಾಗಗಳೂ ಒಂದೇ ಮೇಜಿನ ಸುತ್ತ ಕುಳಿತು ಅದಕ್ಕೆ ಕೈಹಾಕಬೇಕೆಂದು ಕೇಳಿಕೊಳ್ಳುತ್ತೇನೆ. ಎರಡನೆಯ ವಾರದಿಂದ ಆರನೆಯ ತಿಂಗಳವರೆಗಿನ ರೋಗಿಗಳನ್ನು ಆರಿಸಿಕೊಳ್ಳಲಿ. ಎಲ್ಲರಿಗೂ ವ್ಯಾಯಾಮ ಚಿಕಿತ್ಸೆ ಸಿಗಲಿ, ಚೀಟಿ ಬಿದ್ದವರಿಗೆ ಅಭ್ಯಂಗ ಸ್ವೇದನಗಳೂ ಸಿಗಲಿ. ಮೂರನೆಯ ತಿಂಗಳಲ್ಲಿ, ಯಾರಿಗೆ ಏನು ಸಂದಿತೆಂಬುದನ್ನರಿಯದ ಒಬ್ಬರು ಮನೆಗೇ ಹೋಗಿ, ರೋಗಿಯು ತಾನೇ ಕಲಸಿ ಉಂಡನೆ, ಬಚ್ಚಲಿಗೆ ಒಬ್ಬನೇ ಹೋಗಿಬಂದನೆ, ಬೀದಿಯ ಕೊನೆಯವರೆಗೆ ನಡೆದನೆ ಎಂಬುದನ್ನು ಬರೆದುಕೊಳ್ಳಲಿ. ಈ ಕೆಲಸಕ್ಕೆ ಮುಂದಾಗುವ ತರುಣ ವೈದ್ಯರು ಇಲ್ಲಿದ್ದರೆ, ಸಭೆ ಮುಗಿದ ಮೇಲೆ ದಯವಿಟ್ಟು ನನ್ನನ್ನು ಕಾಣಬೇಕು. ನಾನು ಕೂಡಿಟ್ಟಿರುವ ಬರಹಗಳನ್ನೂ ಟಿಪ್ಪಣಿಗಳನ್ನೂ ಅವರಿಗೆ ಒಪ್ಪಿಸಲು ಸಿದ್ಧನಿದ್ದೇನೆ.